ಒಂದು ಲೋಡ್ ಜಲ್ಲಿಯ ಲೆಕ್ಕ

ಬೆಳಗಿನ ಏಳು ಗಂಟೆ. ಊರಾಚೆ ಏಳುತ್ತಿರುವ ಹೊಸ ಮನೆಯ ಪಾಯದ ಮುಂದೆ ಟ್ರ್ಯಾಕ್ಟರೊಂದು ಹಿಂದಕ್ಕೆ ಸರಿಯುತ್ತಿದೆ. ‘ಬರ್ಲಿ, ಬರ್ಲಿ, ಬರ್ಲಿ... ಸಾಕು!’ ಎಂದು ಮೇಸ್ತ್ರಿ ಕೂಗುತ್ತಾರೆ. ಹಿಂದಿನ ಡಾಲಾದ ಚಿಲಕ ಕಳಚುತ್ತದೆ, ಟ್ರಾಲಿಯ ಮೂತಿ ಮೇಲೇಳುತ್ತದೆ, ಜಲ್ಲಿ ಸದ್ದು ಮಾಡುತ್ತಾ ಸುರಿಯುತ್ತದೆ. ಬಿಳಿ ದೂಳು ಅಡಗುವಷ್ಟರಲ್ಲಿ ಚಾಲಕ ಮೊಬೈಲಿನಲ್ಲಿ ಕ್ಯೂಆರ್ ಕೋಡ್ ತೆರೆದು ನಿಂತಿರುತ್ತಾನೆ.

‘ಇದೇನಣ್ಣ, ಹೋದ ಸಲಕ್ಕಿಂತ ಕಮ್ಮಿ ಕಾಣ್ತದಲ್ಲ?’ ಎಂದು ಮನೆಯ ಯಜಮಾನಿ ಕೇಳುತ್ತಾರೆ.

‘ಅದೇ ಟ್ರಾಲಿ, ಅದೇ ಲೋಡು ಅಕ್ಕ. ಇಲ್ಲಿ ಜಾಗ ಅಗಲ ಐತೆ, ಹರಡ್ಕೊಂಡೈತೆ ಅಷ್ಟೆ.’

ಈ ಜಗಳಕ್ಕೆ ತೀರ್ಪು ಕೊಡಲು ಯಾರಿಂದಲೂ ಆಗದು. ಸುರಿಯುವ ಮೊದಲು ಯಾರೂ ಅಳೆದಿರಲಿಲ್ಲ. ಸಿಮೆಂಟ್ ಚೀಲದ ಮೇಲೆ 50 ಕೆ.ಜಿ. ಎಂದು ಅಚ್ಚಾಗಿರುತ್ತದೆ, ಕಬ್ಬಿಣ ತೂಗಿ ಬರುತ್ತದೆ, ಟೈಲ್ಸ್ ಪೆಟ್ಟಿಗೆಯ ಮೇಲೆ ಚದರಡಿ ಬರೆದಿರುತ್ತದೆ. ಮನೆಯ ಅತಿ ಭಾರದ ಸಾಮಗ್ರಿಗಳಾದ ಜಲ್ಲಿ, ಮರಳು, ಮಣ್ಣು ಮಾತ್ರ ಇಂದಿಗೂ ‘ಲೋಡ್’ ಲೆಕ್ಕದಲ್ಲೇ ಅಂಗಳಕ್ಕೆ ಬರುತ್ತವೆ. ಕೊಳ್ಳುವವರು ಲೋಡಿನ ದರಕ್ಕಾಗಿ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ, ಲೋಡಿನಲ್ಲಿ ಏನಿದೆ, ಎಷ್ಟಿದೆ ಎಂದು ಕೇಳುವುದಿಲ್ಲ. ದರವನ್ನು ಐನೂರು ರೂಪಾಯಿ ಇಳಿಸಿದ ಖುಷಿಯಲ್ಲಿ ಮನೆಗೆ ಬರುವುದು ಬಹುಪಾಲು ಐನೂರು ರೂಪಾಯಿಯಷ್ಟು ಕಡಿಮೆ ಜಲ್ಲಿಯೇ.

ಟ್ರಾಲಿಗೊಂದು ಅಳತೆ, ಟಿಪ್ಪರಿಗೊಂದು ಅಳತೆ

ಈ ವ್ಯಾಪಾರದ ನಿಜವಾದ ಅಳತೆ ಘನ ಅಡಿ. ಮೇಸ್ತ್ರಿಗಳ ಬಾಯಲ್ಲಿ ಅದು ಬರೀ ‘ಅಡಿ’ ಅಥವಾ ‘ಸಿ.ಎಫ್.ಟಿ.’. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆ ‘ಬ್ರಾಸ್’ ಎನ್ನುತ್ತಾರೆ. ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಎತ್ತರದ ರಾಶಿ, ಅಂದರೆ 100 ಘನ ಅಡಿ ಸೇರಿದರೆ ಒಂದು ಬ್ರಾಸ್. ಸರ್ಕಾರಿ ಕಾಗದಗಳಲ್ಲಿ ಟನ್ ಅಥವಾ ಘನ ಮೀಟರ್ ಇರುತ್ತದೆ. ಒಂದು ಘನ ಮೀಟರ್ ಎಂದರೆ 35.3 ಘನ ಅಡಿ.

ಒಂದು ಟ್ರ್ಯಾಕ್ಟರ್ ಟ್ರಾಲಿಯ ಒಳ ಅಳತೆ ಹತ್ತಡಿ ಉದ್ದ, ಆರಡಿ ಅಗಲ ಇದೆ ಎಂದುಕೊಳ್ಳಿ. ಒಂದೂವರೆ ಅಡಿ ಎತ್ತರಕ್ಕೆ ಮಟ್ಟವಾಗಿ ತುಂಬಿದರೆ 90 ಘನ ಅಡಿ. ಅದೇ ಟ್ರಾಲಿಯಲ್ಲಿ ಮಟ್ಟ ನಾಲ್ಕು ಇಂಚು ಕೆಳಗಿದ್ದರೆ ಉಳಿಯುವುದು 70. ರಸ್ತೆಯಲ್ಲಿ ನಿಂತು ನೋಡುವವರ ಕಣ್ಣಿಗೆ ಆ ನಾಲ್ಕು ಇಂಚು ಬೀಳುವುದಿಲ್ಲ, ಆದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಾಲು ಹೋಗಿರುತ್ತದೆ. ಒಬ್ಬ 90 ಅಡಿಗೆ 4,500 ರೂಪಾಯಿ, ಇನ್ನೊಬ್ಬ 70 ಅಡಿಗೆ 4,000 ರೂಪಾಯಿ ಹೇಳಿದ ಎಂದಿಟ್ಟುಕೊಳ್ಳೋಣ. (ಇದು ಲೆಕ್ಕಕ್ಕೆಂದು ಹಿಡಿದ ದರ, ಊರಿಂದ ಊರಿಗೆ ಬೇರೆ ಇರುತ್ತದೆ.) ಮೊದಲನೆಯವನದು ಅಡಿಗೆ 50 ರೂಪಾಯಿ, ಎರಡನೆಯವನದು 57. ಅಗ್ಗ ಎಂದು ಕಂಡದ್ದೇ ದುಬಾರಿ.

ಹಾಗಾಗಿ ಫೋನಿನಲ್ಲಿ ‘ಒಂದು ಲೋಡಿಗೆ ಎಷ್ಟು’ ಎಂದು ಕೇಳುವುದನ್ನು ಬಿಟ್ಟು, ‘ಎಷ್ಟು ಅಡಿ ಬರುತ್ತೆ, ಅಡಿಗೆ ಎಷ್ಟು ಬೀಳುತ್ತೆ, ಬಾಡಿಗೆ ಸೇರಿಯೋ ಬೇರೆಯೋ’ ಎಂದು ಕೇಳಬೇಕು. ಗಾಡಿ ಬಂದಾಗ ಡಾಲಾ ತೆಗೆಯುವ ಮುಂಚೆ ಟೇಪು ಹಿಡಿಯಬೇಕು. ಹೊರಗಿನಿಂದಲ್ಲ, ಒಳಗಿನಿಂದ. ನಡುವೆ ಗೋಪುರವಾಗಿ ಏರಿಸಿ ಮೂಲೆಗಳನ್ನು ಖಾಲಿ ಬಿಡುವುದು ಹಳೆಯ ಜಾಣತನ. ಮೇಲ್ಮೈಯನ್ನು ಸಲಿಕೆಯಿಂದ ಮಟ್ಟ ಮಾಡಿಸಿ, ನಾಲ್ಕು ಮೂಲೆ ಮತ್ತು ನಡುಭಾಗದಲ್ಲಿ ಒಂದು ಸರಳನ್ನು ತಳ ಮುಟ್ಟುವವರೆಗೆ ಚುಚ್ಚಿ ಆಳ ನೋಡಿದರೆ ಸಾಕು. ಪರಿಚಿತ ಚಾಲಕನ ಮುಂದೆ ಟೇಪು ಹಿಡಿಯಲು ಹಳ್ಳಿಯಲ್ಲಿ ಸಂಕೋಚವಾಗುತ್ತದೆ, ನಿಜ. ಮೊದಲ ಲೋಡಿಗೇ ಅಳೆದರೆ ಆಮೇಲಿನ ಲೋಡುಗಳಿಗೆ ಸಂಕೋಚ ಇಬ್ಬರಿಗೂ ಇರುವುದಿಲ್ಲ.

ಸುರಿದು ಹೋದ ಮೇಲೆ ಅನುಮಾನ ಬಂದರೂ ಒಂದು ಅಂದಾಜು ದಾರಿಯಿದೆ. ರಾಶಿ ಹೆಚ್ಚುಕಮ್ಮಿ ದುಂಡಗೆ, ತುದಿ ಚೂಪಾಗಿ ಬಿದ್ದಿದ್ದರೆ ಬುಡದ ಸುತ್ತಳತೆಯನ್ನು ಅಡಿಗಳಲ್ಲಿ ಅಳೆಯಿರಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಎತ್ತರದಿಂದ ಗುಣಿಸಿ, 38ರಿಂದ ಭಾಗಿಸಿ. ಸುತ್ತಳತೆ 40 ಅಡಿ, ಎತ್ತರ 5 ಅಡಿ ಇದ್ದರೆ ಸುಮಾರು 210 ಘನ ಅಡಿ. ಇದು ಶಂಕುವಿನ ಘನಫಲದ ಶಾಲಾ ಸೂತ್ರವೇ. ಟಿಪ್ಪರ್ ಸುರಿದ ರಾಶಿ ಪೂರ್ತಿ ಶಂಕುವಾಗಿರುವುದಿಲ್ಲ, ಆದ್ದರಿಂದ ಹತ್ತಿಪ್ಪತ್ತು ಅಡಿಗಾಗಿ ಇದನ್ನು ನಂಬಿ ಜಗಳಕ್ಕೆ ಹೋಗಬಾರದು. ಮುನ್ನೂರು ಎಂದು ಹೇಳಿ ಇನ್ನೂರು ಹಾಕಿದ್ದರೆ ಮಾತ್ರ ಸೂತ್ರ ಸುಳ್ಳು ಹೇಳದು.

ಟಿಪ್ಪರ್‌ಗಳ ವಿಷಯದಲ್ಲಿ ಲೆಕ್ಕ ಇನ್ನೊಂದು ಕಡೆಯಿಂದ ಬರುತ್ತದೆ. ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲಿ ಭಾರದ ಮಿತಿಯನ್ನು ಏರಿಸಿದ ಮೇಲೆ, ಆರು ಚಕ್ರದ ಗಾಡಿ ಮಾಲು ಸೇರಿ 18.5 ಟನ್, ಹತ್ತು ಚಕ್ರದ ಗಾಡಿ 28.5 ಟನ್ ತೂಗಬಹುದು. ಹತ್ತು ಚಕ್ರದ ಟಿಪ್ಪರ್ ಖಾಲಿ ಇದ್ದಾಗಲೇ ಹನ್ನೊಂದು ಟನ್ ಆಸುಪಾಸು ಇರುತ್ತದೆ. ಉಳಿದ ಹದಿನೇಳು ಟನ್ನಿಗೆ ಹಿಡಿಯುವ ಜಲ್ಲಿ ಸುಮಾರು 400 ಘನ ಅಡಿ. ಪೆಟ್ಟಿಗೆ ಮಾತ್ರ 500 ಅಡಿ ದಾಟಿಯೂ ಹಿಡಿಯುವಂತಿರುತ್ತದೆ. ಹಾಗಾಗಿ ‘ಆರುನೂರು ಅಡಿ ಹಾಕಿಸಿಕೊಡ್ತೀನಿ ಸಾರ್’ ಎಂದು ಹತ್ತು ಚಕ್ರದವನು ಹೇಳಿದರೆ ಎರಡೇ ಸಾಧ್ಯತೆ. ಒಂದೋ ಆತ ಅಷ್ಟು ತರುವುದಿಲ್ಲ, ಇಲ್ಲವೇ ನಿಮ್ಮೂರ ರಸ್ತೆಯನ್ನು ಮುರಿದು ತರುತ್ತಾನೆ.

ತೂಕವೋ, ಅಡಿಯೋ

ಕ್ರಷರ್‌ನಲ್ಲಿ ಮಾಲು ತೂಕದ ಮೇಲೆ ಹೊರಡುತ್ತದೆ. ಮನೆ ಮುಂದೆ ಅಡಿ ಲೆಕ್ಕದಲ್ಲಿ ಇಳಿಯುತ್ತದೆ. ನಡುವೆ ಟನ್ನು ಅಡಿಯಾಗುವ ಜಾಗದಲ್ಲೇ ಲಾಭ ಹುಟ್ಟುತ್ತದೆ. ಒಣ ಜಲ್ಲಿ 100 ಘನ ಅಡಿಗೆ ಸುಮಾರು 4.25 ಟನ್ ತೂಗುತ್ತದೆ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) 4.5ರಿಂದ 5 ಟನ್. ಈ ಎರಡು ಸಂಖ್ಯೆಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡವರಿಗೆ ವೇ ಬ್ರಿಡ್ಜ್ ಚೀಟಿ ಓದಲು ಬರುತ್ತದೆ. ಚೀಟಿಯಲ್ಲಿ ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಎರಡರ ವ್ಯತ್ಯಾಸ ಮೂರೂ ಇರುತ್ತವೆ. ದಿನಾಂಕ ಮತ್ತು ಗಾಡಿ ನಂಬರ್ ನಿಮ್ಮ ಮುಂದೆ ನಿಂತ ಗಾಡಿಯದೇ ಎಂಬುದನ್ನು ಮೊದಲು ನೋಡಬೇಕು. ಒಂದೇ ಚೀಟಿ ಎರಡು ಮೂರು ಮನೆ ಸುತ್ತಿ ಬರುವುದುಂಟು.

ಹಾಗಾದರೆ ತೂಕದಲ್ಲಿ ಕೊಂಡರೆ ನಿಶ್ಚಿಂತೆಯೇ? ಜಲ್ಲಿಗೆ ಹೌದು, ಮರಳಿಗೆ ಅಷ್ಟಾಗಿ ಇಲ್ಲ. ತೊಳೆದ ಎಂ-ಸ್ಯಾಂಡ್ ಒದ್ದೆಯಾಗಿಯೇ ಬರುತ್ತದೆ. ಹದಿನೇಳು ಟನ್ ಮಾಲಿನಲ್ಲಿ ಶೇ 6ರಷ್ಟು ತೇವವಿದ್ದರೆ ಹತ್ತಿರ ಹತ್ತಿರ ಒಂದು ಟನ್ ನೀರಿಗೆ ದುಡ್ಡು ಕೊಟ್ಟ ಹಾಗೆ. ಅಡಿ ಲೆಕ್ಕದಲ್ಲಿ ಕೊಂಡರೆ ನಷ್ಟ ಇನ್ನೊಂದು ರೂಪದಲ್ಲಿ ಬರುತ್ತದೆ. ಸ್ವಲ್ಪ ತೇವವಾದ ಮರಳಿನ ಕಣಗಳ ಸುತ್ತ ನೀರಿನ ಪೊರೆ ಕಟ್ಟಿ, ಅವು ಒಂದನ್ನೊಂದು ದೂಡಿ, ರಾಶಿ ಉಬ್ಬುತ್ತದೆ. ಸಣ್ಣ ಮರಳಿನಲ್ಲಿ ಈ ಉಬ್ಬು ಶೇ 20ರಿಂದ 30ರವರೆಗೂ ಹೋಗಬಲ್ಲದು. ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ಉಬ್ಬು ಮಾಯ.

ಪರೀಕ್ಷೆಗೆ ಒಂದು ಗಾಜಿನ ಬಾಟಲಿ ಸಾಕು. ಮರಳನ್ನು ಅದುಮದೆ ತುಂಬಿ ಎತ್ತರ ಗುರುತು ಹಾಕಿ. ಹೊರತೆಗೆದು, ಬಾಟಲಿಗೆ ಅರ್ಧ ನೀರು ಹಾಕಿ, ಅದೇ ಮರಳನ್ನು ಮತ್ತೆ ತುಂಬಿ ಕಲಕಿ ಕೂರಲು ಬಿಡಿ. ಮೊದಲು 200 ಮಿಲಿಮೀಟರ್ ಇದ್ದದ್ದು ಈಗ 160ಕ್ಕೆ ಇಳಿದರೆ ಕಾಲು ಪಾಲು ಉಬ್ಬಿತ್ತು ಎಂದರ್ಥ. ಇದು ದರದ ಪ್ರಶ್ನೆ ಮಾತ್ರವಲ್ಲ. ಪೆಟ್ಟಿಗೆ ಅಳತೆಯಲ್ಲಿ ಮರಳು ಹಾಕುವ ಮೇಸ್ತ್ರಿ ಉಬ್ಬಿದ ಮರಳನ್ನೇ ಅಳೆದರೆ ಕಾಂಕ್ರೀಟಿನಲ್ಲಿ ಮರಳು ಕಡಿಮೆಯಾಗುತ್ತದೆ, ಎರಕದಲ್ಲಿ ಜಲ್ಲಿ ಜೇನುಗೂಡಿನಂತೆ ಬಿಟ್ಟುಕೊಳ್ಳುತ್ತದೆ.

ಒಂದು ತಮಾಷೆಯ ಸಂಗತಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಯಾವುದೇ ಸರಕಿನ ಬೆಲೆಯನ್ನು ನಿಗದಿತ ಮಾನಗಳಲ್ಲಿ ಬಿಟ್ಟು ಬೇರೆ ರೀತಿಯಲ್ಲಿ ಬಾಯಿಮಾತಿನಲ್ಲೂ ಹೇಳುವಂತಿಲ್ಲ. ‘ಲೋಡಿಗೆ ಇಷ್ಟು’ ಎನ್ನುವುದು ಹೋಗಲಿ, ‘ಅಡಿಗೆ ಇಷ್ಟು’ ಎನ್ನುವುದೂ ಆ ಲೆಕ್ಕದಲ್ಲಿ ತಪ್ಪೇ. ದೇಶ ಮೆಟ್ರಿಕ್ ಪದ್ಧತಿಗೆ ಬಂದು ಆರು ದಶಕ ದಾಟಿದರೂ ಮನೆ ಕಟ್ಟುವವರ ಟೇಪು ಇಂಚಿನಲ್ಲೇ ಇದೆ.

ಯಾವ ಕೆಲಸಕ್ಕೆ ಯಾವ ಜಲ್ಲಿ

ಬಂಡೆಯಿಂದ ಒಡೆದ ಕಲ್ಲು ಕ್ರಷರಿನ ದವಡೆಗೆ ಬಿದ್ದು, ಜಾಲರಿಗಳ ಮೇಲೆ ಜರಡಿಯಾಗಿ, ಗಾತ್ರಕ್ಕೊಂದು ರಾಶಿಯಾಗುತ್ತದೆ. 40 ಎಂ.ಎಂ. (ಒಂದೂವರೆ ಇಂಚು), 20 ಎಂ.ಎಂ. (ಮುಕ್ಕಾಲು ಇಂಚು), 12 ಎಂ.ಎಂ. (ಅರ್ಧ ಇಂಚು), 6 ಎಂ.ಎಂ. ಚಿಪ್ಸ್, ಕೊನೆಗೆ ಜಲ್ಲಿಪುಡಿ. ಪಾಯದ ತಳದ ಬೆಡ್ ಕಾಂಕ್ರೀಟಿಗೆ 40, ತಾರಸಿ, ಕಂಬ, ತೊಲೆಗಳಿಗೆ 20. ಕಬ್ಬಿಣ ದಟ್ಟವಾಗಿರುವೆಡೆ 20ರ ಜೊತೆ ಒಂದಷ್ಟು 12 ಬೆರೆಸಿದರೆ ಸಂದು ತುಂಬುತ್ತದೆ.

ಬೊಗಸೆ ಜಲ್ಲಿ ಎತ್ತಿ ನೋಡಿದರೇ ಗುಣ ಗೊತ್ತಾಗುತ್ತದೆ. ಕಲ್ಲು ಎಲ್ಲ ಕಡೆಯೂ ಒಂದೇ ಸಮನಾಗಿ ದಪ್ಪವಿರಬೇಕು. ಹಪ್ಪಳದಂತೆ ಚಪ್ಪಟೆ ಚೂರುಗಳೇ ಹೆಚ್ಚಿದ್ದರೆ ಅವು ಕಾಂಕ್ರೀಟಿನಲ್ಲಿ ಒರಗಿಕೊಂಡು ಕೆಳಗೆ ಟೊಳ್ಳು ಬಿಡುತ್ತವೆ. ಭಾರತೀಯ ಮಾನಕ ಐ.ಎಸ್. 383, ಚಪ್ಪಟೆ ಮತ್ತು ಉದ್ದುದ್ದ ಕಲ್ಲುಗಳಿಗೆ ಮಿತಿ ಹಾಕಿರುವುದು ಇದಕ್ಕೇ. ಕಲ್ಲಿಗೆ ಅಂಟಿದ ಪುಡಿ ಒಂದು ಕೊಡ ನೀರಿಗೇ ಹೋಗುವಂತಿದ್ದರೆ ಚಿಂತೆಯಿಲ್ಲ. ಜೇಡಿ ಮೆತ್ತಿದ್ದರೆ ವಾಪಸ್ ಕಳಿಸಬೇಕು.

ಎಷ್ಟು ಬೇಕು? ಸಾವಿರ ಚದರಡಿಯ ತಾರಸಿ, ಐದು ಇಂಚು ದಪ್ಪ, 1:1.5:3 ಮಿಶ್ರಣ ಎಂದರೆ ಸುಮಾರು 350 ಘನ ಅಡಿ ಜಲ್ಲಿ, 175 ಘನ ಅಡಿ ಮರಳು, 95 ಚೀಲ ಸಿಮೆಂಟ್. ತೊಲೆಗಳ ಲೆಕ್ಕ ಬೇರೆ. ತಾರಸಿ ಹಾಕುವ ದಿನ ಮಾತ್ರ ಜಲ್ಲಿ ಕಡಿಮೆ ಬೀಳಬಾರದು, ಅರ್ಧ ತಾರಸಿಯಲ್ಲಿ ನಿಂತ ಕೆಲಸಕ್ಕೆ ಪರಿಹಾರವಿಲ್ಲ. ಆ ಒಂದು ಕೆಲಸಕ್ಕೆ ಶೇ 10ರಷ್ಟು ಹೆಚ್ಚೇ ತರಿಸಿಕೊಳ್ಳುವುದು ಕ್ಷೇಮ. ಉಳಿದರೆ ಅಂಗಳಕ್ಕಾಯಿತು.

ಅಂಗಳ ಮತ್ತು ಗಾಡಿದಾರಿ

ಮನೆ ಮುಗಿದ ಮೇಲೆ ಬರುವ ಖರ್ಚಿನಲ್ಲಿ ಜನ ಅತಿ ಹೆಚ್ಚು ಎಡವುವುದು ಗೇಟಿನಿಂದ ಮನೆ ಬಾಗಿಲವರೆಗಿನ ದಾರಿಯಲ್ಲಿ. ಚೆಂದ ಕಾಣುತ್ತದೆಂದು ಬರಿಯ 20 ಎಂ.ಎಂ. ಜಲ್ಲಿ ಹರಡುತ್ತಾರೆ. ಒಂದೇ ಗಾತ್ರದ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಕಾರಿನ ಚಕ್ರ ಅವನ್ನು ಬದಿಗೆ ತಳ್ಳುತ್ತದೆ, ವಯಸ್ಸಾದವರ ಕಾಲು ಜಾರುತ್ತದೆ, ಮೊದಲ ಮಳೆಗಾಲದಲ್ಲಿ ಅರ್ಧ ಜಲ್ಲಿ ಮಣ್ಣಿನೊಳಗೆ ಇಳಿದು ಮರೆಯಾಗುತ್ತದೆ. ನುಣುಪಾದ ಹೊಳೆಗಲ್ಲುಗಳಂತೂ ಗಿಡದ ಪಾತಿಯ ಅಂಚಿಗೆ ಮಾತ್ರ ಸರಿ.

ದಾರಿಗೆ ಬೇಕಾದ್ದು ಮೂಲೆ ಚೂಪಾದ, ದೊಡ್ಡದು ಸಣ್ಣದು ಪುಡಿ ಎಲ್ಲ ಬೆರೆತ ಮಾಲು. ರಸ್ತೆ ಗುತ್ತಿಗೆದಾರರು ಬಳಸುವ ವೆಟ್ ಮಿಕ್ಸ್ ಇದೇ ಜಾತಿಯದು, ಹಲವು ಕ್ರಷರ್‌ಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಕೆಳಗೆ 40 ಎಂ.ಎಂ. ಹಾಸಿ, ಮೇಲೆ 12 ಎಂ.ಎಂ. ಮತ್ತು ಜಲ್ಲಿಪುಡಿ ಬೆರೆಸಿ, ನೀರು ಚಿಮುಕಿಸಿ ರೋಲರ್ ಹೊಡೆಸಬಹುದು. ಅರವತ್ತು ಅಡಿ ಉದ್ದ, ಹತ್ತಡಿ ಅಗಲದ ದಾರಿಗೆ ಕೆಳಪದರ ನಾಲ್ಕು ಇಂಚು, ಮೇಲ್ಪದರ ಎರಡು ಇಂಚು ಎಂದರೆ ಒಟ್ಟು 300 ಘನ ಅಡಿ. ಆದರೆ ಅದು ಅದುಮಿದ ಮೇಲಿನ ಅಳತೆ. ಗಾಡಿಯಲ್ಲಿ ಬರುವ ಸಡಿಲ ಮಾಲನ್ನು ಅದುಮಿದಾಗ ಐದನೇ ಒಂದು ಪಾಲು ಕುಗ್ಗುತ್ತದೆ, ಹಾಗಾಗಿ ಹೇಳಬೇಕಾದ್ದು 375. ಈ ಕುಗ್ಗುವಿಕೆಯನ್ನು ಮರೆತವರು ಪ್ರತಿ ಸಲವೂ ಇನ್ನೊಂದು ಟ್ರಾಲಿಗೆ ಫೋನ್ ಮಾಡುತ್ತಾರೆ.

ದಾರಿ ನಡುವೆ ತುಸು ಎತ್ತರವಿದ್ದು ಎರಡೂ ಬದಿಗೆ ಇಳಿಯಬೇಕು, ಅಥವಾ ಒಂದೇ ಬದಿಗೆ ವಾಲಬೇಕು. ಹತ್ತಡಿ ಅಗಲಕ್ಕೆ ಮೂರು ಇಂಚು ಇಳಿಜಾರು ಸಾಕು. ಇದಿಲ್ಲದೆ ಹಾಕಿದ ಯಾವ ಜಲ್ಲಿಯೂ ಎರಡು ಮಳೆಗಾಲ ಬಾಳದು.

ಎರೆಭೂಮಿಯ ಕಥೆ ಬೇರೆ. ಧಾರವಾಡ, ಗದಗ, ವಿಜಯಪುರದ ಕಪ್ಪು ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಡಿ (ಜಲ್ಲಿಗೆ ಆ ಕಡೆಯ ಹೆಸರು) ಹಾಕಿದರೆ ಕಡಿ ಕೆಳಗಿಳಿಯುತ್ತದೆ, ಕೆಸರು ಮೇಲೆ ಬರುತ್ತದೆ. ಅಲ್ಲಿನವರು ಮೇಲಿನ ಎರೆಮಣ್ಣನ್ನು ಒಂದಷ್ಟು ಆಳ ತೆಗೆದು ಗರಸು ತುಂಬಿ ಬಡಿದು ಆಮೇಲೆ ಕಡಿ ಹಾಕುತ್ತಾರೆ. ಈಚೆಗೆ ನಡುವೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸುವುದೂ ಶುರುವಾಗಿದೆ. ನೀರು ಇಳಿಯಲು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ ಅದು. ಕೆಂಪುಭೂಮಿಯಲ್ಲಿ ಈ ಖರ್ಚು ಅನಗತ್ಯ.

ಪಾಯದೊಳಗೆ ತುಂಬುವ ಮಣ್ಣಿಗೂ ಇದೇ ಮಾತು. ಅಲ್ಲಿ ಗ್ರಾವೆಲ್ ಅಥವಾ ಗರಸು ಇರಬೇಕು, ಅರ್ಧ ಅಡಿಗೊಮ್ಮೆ ನೀರು ಹಾಕಿ ಬಡಿಯಬೇಕು. ಪುಕ್ಕಟೆ ಸಿಕ್ಕಿತೆಂದು ಕೆರೆಗೋಡು ತುಂಬಿದವರ ಮನೆಯ ಟೈಲ್ಸು ಮೇಲೆದ್ದು ನಿಲ್ಲುತ್ತದೆ. ಕೆರೆಗೋಡಿನ ಜಾಗ ತೋಟ. ಬಾಳೆ, ದಾಸವಾಳದ ಪಾತಿಗೆ ಅದರಷ್ಟು ಒಳ್ಳೆಯದು ದುಡ್ಡು ಕೊಟ್ಟರೂ ಸಿಗದು. ಪಂಚಾಯಿತಿಯ ಒಪ್ಪಿಗೆ ಪಡೆದು ಬೇಸಿಗೆಯಲ್ಲೇ ತರಿಸಿಕೊಳ್ಳಬೇಕು.

ಹೊಳೆ ಮರಳು ಹೋದ ಮೇಲೆ

ಒಂದು ತಲೆಮಾರಿನ ಹಿಂದೆ ಎಂ-ಸ್ಯಾಂಡ್ ಎಂದರೆ ಹಳ್ಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳ್ಳದ ಮರಳು ಎತ್ತಿನಗಾಡಿಯಲ್ಲಿ ಬರುತ್ತಿತ್ತು. ನಗರಗಳು ಬೆಳೆದಂತೆ ಹೊಳೆಗಳ ತಳ ಖಾಲಿಯಾಯಿತು, ಸುತ್ತಲಿನ ಬಾವಿಗಳ ನೀರು ಕೆಳಗಿಳಿಯಿತು. 2012ರ ಫೆಬ್ರುವರಿ 27ರಂದು ಹರಿಯಾಣದ ಮರಳು ಗಣಿಗಾರಿಕೆಯ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಸಣ್ಣ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದಿತು. ಹೊಳೆ ಮರಳು ಅಪರೂಪವಾಗುತ್ತಾ ಹೋದಂತೆ ಕಲ್ಲನ್ನೇ ಮರಳಾಗಿ ಪುಡಿಮಾಡುವ ಯಂತ್ರಗಳು ಹೆಚ್ಚಿದವು. ಎಂ-ಸ್ಯಾಂಡಿಗೂ ಪರಿಷ್ಕೃತ ಐ.ಎಸ್. 383 (2016) ಅನ್ವಯಿಸುತ್ತದೆ.

ಇಲ್ಲಿ ಮೋಸ ಹೋಗುವುದು ಜಲ್ಲಿಪುಡಿಯನ್ನೇ ಎಂ-ಸ್ಯಾಂಡ್ ಎಂದು ಕೊಂಡಾಗ. ಜಲ್ಲಿಪುಡಿ ಕಲ್ಲು ಒಡೆಯುವಾಗ ಉದುರುವ ಉಪಉತ್ಪನ್ನ. ಎಂ-ಸ್ಯಾಂಡ್ ಬೇರೆ ಯಂತ್ರದಲ್ಲಿ ಕಣದ ಮೂಲೆ ಮುರಿದು, ಜರಡಿ ಹಿಡಿದು, ತೊಳೆದು ತಯಾರಾದದ್ದು. ಒಣ ಮಾಲನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಅಂಗೈಗೆ ಹಿಟ್ಟಿನಂತೆ ಬೂದು ಪುಡಿ ಮೆತ್ತಿದರೆ ಅನುಮಾನಿಸಿ. ಕಲ್ಲಿನ ಮರಳಿನಲ್ಲಿ ಅತಿ ಸೂಕ್ಷ್ಮ ಪುಡಿ ಶೇ 15ರವರೆಗೆ ಇರಲು ಮಾನಕ ಬಿಡುತ್ತದೆ, ಅದಕ್ಕಿಂತ ಹೆಚ್ಚಾದರೆ ನೀರು ಹೆಚ್ಚು ಕುಡಿಯುತ್ತದೆ, ಗೋಡೆ ಬಿರುಕು ಬಿಡುತ್ತದೆ. ಗಾರೆಗೆ ಇನ್ನೂ ನುಣುಪಾದ ಪಿ-ಸ್ಯಾಂಡ್ ಎಂಬುದು ಬೇರೆಯೇ ಇದೆ. ಅದನ್ನು ಕಾಂಕ್ರೀಟಿಗೆ ಹಾಕಬಾರದು.

ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಇನ್ನೊಂದು ಮಾಲು ಓಡಾಡುತ್ತದೆ, ಫಿಲ್ಟರ್ ಮರಳು. ಹೊಲ, ಕೆರೆಯಂಗಳದ ಮಣ್ಣನ್ನು ಗುಂಡಿಯಲ್ಲಿ ತೊಳೆದು ತೆಗೆದದ್ದು. ಕಾನೂನುಬಾಹಿರ, ನೋಡಲು ಹೊಳೆ ಮರಳಿನಂತೆಯೇ, ಒಳಗೆ ಜೇಡಿ. ಉಪ್ಪು ಬೆರೆಸಿದ ನೀರಿರುವ ಬಾಟಲಿಗೆ ಹಾಕಿ ಕುಲುಕಿ ಮೂರು ಗಂಟೆ ಬಿಟ್ಟರೆ ಮರಳಿನ ಮೇಲೆ ಜೇಡಿಯ ಪದರ ಬೇರೆಯಾಗಿ ಕೂರುತ್ತದೆ. ಆ ಪದರ ಶೇ 8 ದಾಟಿದರೆ ಬೇಡ.

ಕಾಗದ ಯಾಕೆ ಬೇಕು

ಜಲ್ಲಿ, ಮರಳು, ಕಟ್ಟಡ ಕಲ್ಲು ಇವೆಲ್ಲ ಕಾನೂನಿನ ಕಣ್ಣಲ್ಲಿ ಉಪಖನಿಜಗಳು. ಕರ್ನಾಟಕದಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳು ಇವನ್ನು ಆಳುತ್ತವೆ. ಕ್ರಷರ್‌ಗಳಿಗೆ 2011ರದೊಂದು ಪ್ರತ್ಯೇಕ ಕಾಯ್ದೆಯಿದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ವ್ಯವಸ್ಥೆಯಲ್ಲಿ ಹೊರಡುವ ಪ್ರತಿ ಗಾಡಿಗೂ ಸಾಗಣೆ ಪರವಾನಗಿ ಇರಬೇಕು. ಚಾಲಕರು ಅದನ್ನು ‘ಪರ್ಮಿಟ್’ ಅಥವಾ ‘ಎಂ.ಡಿ.ಪಿ.’ ಎನ್ನುತ್ತಾರೆ. ಅದರಲ್ಲಿ ಗಾಡಿ ನಂಬರ್, ಮಾಲು, ಟನ್, ಹೊರಟ ಜಾಗ ಎಲ್ಲ ಇರುತ್ತದೆ. ಅಂದರೆ ಸರ್ಕಾರಕ್ಕೆ ಕಟ್ಟಿದ ರಾಜಧನದ ಲೆಕ್ಕವೇ ನಿಮಗೂ ತೂಕದ ಸಾಕ್ಷಿ. ಒಂದು ಫೋಟೊ ತೆಗೆದಿಟ್ಟುಕೊಳ್ಳಲು ಅರ್ಧ ನಿಮಿಷ ಸಾಕು.

‘ಪರ್ಮಿಟ್ ಇಲ್ದೆ ಆದ್ರೆ ಸಾವಿರ ರೂಪಾಯಿ ಕಮ್ಮಿ’ ಎಂಬ ಮಾತು ಎಲ್ಲ ಊರಲ್ಲೂ ಕೇಳಿಬರುತ್ತದೆ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಸಾಗಿಸುವುದರ ಜೊತೆಗೆ ದಾಸ್ತಾನು ಮಾಡುವುದೂ ಅಪರಾಧ. ಅಂಗಳದ ಒಂದು ಟ್ರಾಲಿ ಮರಳಿಗಾಗಿ ಪೊಲೀಸರು ಬರುವುದು ಅಪರೂಪ, ಒಪ್ಪೋಣ. ದಾರಿಯಲ್ಲಿ ಗಾಡಿ ಹಿಡಿದರೆ ಮುಂಗಡವೂ ಹೋಯಿತು, ತಾರಸಿಯ ದಿನವೂ ಹೋಯಿತು. ಮುಂಗಡ ಕೊಡುವಾಗ ಅರ್ಧಕ್ಕಿಂತ ಹೆಚ್ಚು ಕೊಡದಿರುವುದಕ್ಕೆ ಇದೂ ಒಂದು ಕಾರಣ.

ಗಾಡಿ ಎಲ್ಲಿ ನಿಲ್ಲಬೇಕು

ಟಿಪ್ಪರ್ ಸುಮಾರು ಎಂಟೂಕಾಲು ಅಡಿ ಅಗಲ. ಪೆಟ್ಟಿಗೆ ಎತ್ತಿದಾಗ ಅದರ ತುದಿ ಮೊದಲ ಮಹಡಿಯ ಎತ್ತರಕ್ಕೆ ಹೋಗುತ್ತದೆ. ಹಳ್ಳಿಯ ಓಣಿಗಳಲ್ಲಿ ಅದೇ ಎತ್ತರದಲ್ಲಿ ಕರೆಂಟಿನ ತಂತಿ ಜೋತಾಡುತ್ತಿರುತ್ತದೆ. ಮಾಲು ಹೇಳುವ ಮೊದಲು ಇಳಿಸುವ ಜಾಗದಲ್ಲಿ ತಲೆ ಎತ್ತಿ ನೋಡುವುದು ಜಲ್ಲಿಯ ಗುಣ ನೋಡುವುದಕ್ಕಿಂತ ಮುಖ್ಯ. ನೆಲ ಒಂದು ಬದಿಗೆ ವಾಲಿದ್ದರೂ ಎತ್ತಿದ ಪೆಟ್ಟಿಗೆ ಗಾಡಿಯನ್ನೇ ಉರುಳಿಸಬಲ್ಲದು, ಒದ್ದೆ ಮರಳು ಒಂದು ಮೂಲೆಗೆ ಅಂಟಿಕೊಂಡಾಗಲಂತೂ ಇನ್ನೂ ಬೇಗ. ಮಕ್ಕಳನ್ನು ದೂರ ನಿಲ್ಲಿಸಬೇಕು.

ಆಮೇಲೆ ದಾರಿಯಲ್ಲಿನ ಮೋರಿ. ಚರಂಡಿ ಮೇಲಿನ ಚಪ್ಪಡಿ ಟ್ರ್ಯಾಕ್ಟರ್ ತಡೆದುಕೊಂಡೀತು, ಇಪ್ಪತ್ತೆಂಟು ಟನ್ನಿನ ಟಿಪ್ಪರ್ ಅಲ್ಲ. ಮುರಿದರೆ ದಂಡ ಕಟ್ಟುವವರು ಯಾರು ಎಂಬುದು ಮೊದಲೇ ಮಾತಾಗಿರುವುದಿಲ್ಲ, ಪಕ್ಕದ ಮನೆಯವರೊಡನೆ ವೈಮನಸ್ಯ ಆಗ ಶುರು. ಅಂಥ ಓಣಿಗಳಲ್ಲಿ ಟಿಪ್ಪರ್ ಮಾಲನ್ನು ಊರಾಚೆ ಇಳಿಸಿ ಟ್ರ್ಯಾಕ್ಟರಿನಲ್ಲಿ ಸಾಗಿಸಿದರೆ ಖರ್ಚು ಹೆಚ್ಚು. ಅದಕ್ಕಿಂತ ಮೊದಲೇ ಟ್ರ್ಯಾಕ್ಟರ್ ಲೋಡಿಗೆ ಹೇಳುವುದು ಲೇಸು.

ಬರಿನೆಲದ ಮೇಲೆ ಸುರಿದ ಜಲ್ಲಿಯಲ್ಲಿ ತಳದ ಎರಡು ಇಂಚು ಮಣ್ಣುಪಾಲು. ಕೆಳಗೆ ಹಳೆಯ ಟಾರ್ಪಲ್ ಅಥವಾ ಚುನಾವಣೆ ಮುಗಿದ ಮೇಲಿನ ಫ್ಲೆಕ್ಸ್ ಹಾಸಿದರೆ ಕೊನೆಯ ಬುಟ್ಟಿಯವರೆಗೂ ಬಳಕೆಗೆ ಬರುತ್ತದೆ. ನಾಯಕರ ಮುಖಗಳಿಗೆ ಇಷ್ಟು ಉಪಯುಕ್ತ ಕೆಲಸ ಬೇರೆ ಕಡೆ ಸಿಗುವುದು ಕಷ್ಟ. ಮರಳಿಗೆ ಮೇಲೂ ಹೊದಿಕೆ ಬೇಕು, ಸುತ್ತ ಒಂದು ಸಾಲು ಇಟ್ಟಿಗೆಯ ತಡೆ ಬೇಕು.

ದೂರದ ಬೆಟ್ಟ, ಹತ್ತಿರದ ಕಲ್ಲು

ಜಲ್ಲಿಯ ದರವನ್ನು ನಿರ್ಧರಿಸುವುದು ಕಲ್ಲಿಗಿಂತ ಹೆಚ್ಚಾಗಿ ದೂರ. ಮಾಲು ಅಗ್ಗ, ಭಾರ ವಿಪರೀತ. ಇಪ್ಪತ್ತು ಕಿಲೊಮೀಟರ್ ಆಚೆಯ ಕ್ರಷರ್ ನಿಂತು ಅರವತ್ತು ಕಿಲೊಮೀಟರಿನಿಂದ ತರುವಂತಾದರೆ ಡೀಸೆಲ್ಲೇ ಮಾಲಿನ ದರವನ್ನು ಏರಿಸುತ್ತದೆ. ಕ್ರಷರ್‌ಗಳು ನಿಲ್ಲುವುದು ಮಳೆಗಾಲದಲ್ಲಿ ಕ್ವಾರಿಯೊಳಗೆ ನೀರು ತುಂಬಿದಾಗ ಮಾತ್ರವಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ, ಮುಂದಿನ ತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕ್ವಾರಿಗೆಂದು ತಂದ ಸ್ಫೋಟಕಗಳು ಸಿಡಿದು ಜನ ಸತ್ತರು. ರಾಜ್ಯದಲ್ಲಿ ಕ್ವಾರಿಗಳ ಮೇಲೆ ತಪಾಸಣೆ ಬಿಗಿಯಾಯಿತು. 2024ರ ಜನವರಿಯಲ್ಲಿ ಹೈಕೋರ್ಟ್ ಕೆ.ಆರ್.ಎಸ್. ಅಣೆಕಟ್ಟೆಯ ಸುತ್ತ 20 ಕಿಲೊಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಷೇಧಿಸಿತು. ಆ ವ್ಯಾಪ್ತಿಯೊಳಗಿನ ಪಾಂಡವಪುರದ ಬೇಬಿ ಬೆಟ್ಟದ ಕಲ್ಲು ಸುತ್ತಲಿನ ಊರುಗಳಿಗೆ ಕೈಗೆಟಕುವ ದೂರದಲ್ಲಿತ್ತು. ಅಣೆಕಟ್ಟೆಯ ಸುರಕ್ಷತೆಯ ಮುಂದೆ ಅಡಿಗೆ ಹತ್ತು ರೂಪಾಯಿ ಹೆಚ್ಚಾಯಿತೆಂದು ಗೊಣಗುವುದು ನ್ಯಾಯವಲ್ಲ, ಆದರೂ ಮನೆ ಅರ್ಧಕ್ಕೆ ನಿಂತವರು ಗೊಣಗಿಯೇ ಗೊಣಗುತ್ತಾರೆ.

ಹಾಗಾಗಿ ಜಲ್ಲಿ ಬೇಡದ ಕೆಲಸಕ್ಕೆ ಹತ್ತಿರದ ಕಲ್ಲನ್ನೇ ಬಳಸುವುದು ಜಾಣತನ. ಕರಾವಳಿಯಲ್ಲಿ ಮುರಕಲ್ಲಿನ ಚೂರುಗಳು ಅಂಗಳದ ತಳಕ್ಕೆ ಚೆನ್ನಾಗಿ ಕೂರುತ್ತವೆ. ಕಲಬುರಗಿ ಸೀಮೆಯಲ್ಲಿ ಶಹಾಬಾದ್ ಪರಸಿಯ ಒಡೆದ ತುಂಡುಗಳು ಕಾಲುದಾರಿಗೆ ಹೇಳಿಮಾಡಿಸಿದಂತಿವೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಒರಟು ಚಪ್ಪಡಿ ಸಿಗುತ್ತದೆ. ಪರಸಿ, ಚಪ್ಪಡಿಗಳು ಎಣಿಕೆ ಅಥವಾ ಚದರಡಿ ಲೆಕ್ಕದಲ್ಲಿ ಬರುವುದರಿಂದ ಅಳತೆಯ ಜಗಳವೂ ಕಡಿಮೆ. ಒಡೆದು ಬಂದವುಗಳನ್ನು ಯಾರ ಲೆಕ್ಕಕ್ಕೆ ಹಾಕುವುದು ಎಂಬುದನ್ನು ಮಾತ್ರ ಮೊದಲೇ ಹೇಳಿಕೊಳ್ಳಬೇಕು.

ತರಿಸುವ ಕಾಲವೂ ಮುಖ್ಯ. ಕಾಂಕ್ರೀಟಿನ ಮಾಲನ್ನು ಆಯಾ ಕೆಲಸಕ್ಕೆ ವಾರ ಮುಂಚೆ ತರಿಸಿದರೆ ಸಾಕು. ಪಾಯ ತುಂಬುವ ಗ್ರಾವೆಲ್ಲು ಯುಗಾದಿಯ ಆಸುಪಾಸಿನಲ್ಲಿ, ನೆಲ ಗಟ್ಟಿಯಿದ್ದು ಗಾಡಿ ಹೂಳದಿರುವಾಗ ಬರಬೇಕು. ಗಾಡಿದಾರಿಯ ಕೆಳಪದರವನ್ನು ಮಳೆಗೆ ಮೊದಲೇ ಹಾಸಿ ಒಂದು ಮಳೆಗಾಲ ಬಿಡಬೇಕು. ಎಲ್ಲೆಲ್ಲಿ ತಗ್ಗಾಗುತ್ತದೆ, ನೀರು ಯಾವ ಕಡೆ ಹರಿಯುತ್ತದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ದೀಪಾವಳಿ ಕಳೆದ ಮೇಲೆ ಆ ತಗ್ಗುಗಳನ್ನು ತುಂಬಿಸಿ, ಹಿಂದೆ ಲೆಕ್ಕ ಹಾಕಿದ ಅರವತ್ತು ಅಡಿ ದಾರಿಯಾದರೆ ಮೇಲ್ಪದರದ ಎರಡು ಇಂಚಿಗೆ ಬೇಕಾದ 125 ಅಡಿಯನ್ನು ಆಗ ತರಿಸಿಕೊಂಡರೆ ಒಂದೇ ರೋಲರ್ ಬಾಡಿಗೆಯಲ್ಲಿ ದಾರಿ ಮುಗಿಯುತ್ತದೆ.